ಪಟ್ಟಿಯಲ್ಲಿ ಸೇರಿದ ಹೆಸರು

ಉತ್ತರ ತಿಳಿಯದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದೆಂಬುದು ಕಿರಿಯ ವಕೀಲರಿಗೆ ಹಿರಿಯರು ಹೇಳುವ ಬುದ್ಧಿಮಾತು. ಐದು ವರ್ಷದ ಮಕ್ಕಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅವರು ಕೇಳುವುದು ತಮಗೂ ತಿಳಿಯದ, ನಮಗೂ ತಿಳಿಯದ ಪ್ರಶ್ನೆಗಳನ್ನೇ. "ಹಲಸಿನ ಹಣ್ಣಿಗೆ ಮುಳ್ಳು ಎಂತಕ್ಕೆ?" ಎಂಬಲ್ಲಿಂದ ಆರಂಭವಾಗುವ ನನ್ನ ಮಗಳ ಸವಾಲು, "ನೀನು ಕೋರ್ಟಿನಲ್ಲಿ ಜಗಳ ಮಾಡಿದರೆ ದುಡ್ಡು ಕೊಡ್ತಾರೆ, ನಾನು ಅಣ್ಣನ ಹತ್ರ ಜಗಳ ಮಾಡಿದರೆ ಬೈಯುದು ಎಂತಕ್ಕೆ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇಷ್ಟು ವರ್ಷಗಳ ವೃತ್ತಿಯಲ್ಲಿ ಎದುರು ಪಕ್ಷದ ಯಾವ ವಕೀಲರೂ ನನ್ನನ್ನು ಹೀಗೆ ನಿರುತ್ತರಗೊಳಿಸಿದ್ದಿಲ್ಲ. ಮೇಲ್ಮನವಿ ಸಲ್ಲಿಸೋಣವೆಂದರೆ, ಅಲ್ಲಿ ನ್ಯಾಯಪೀಠದಲ್ಲಿ ಕುಳಿತಿರುವವರು ಅವಳ ಅಜ್ಜಿ!

ಕಾಸರಗೋಡಿನ ಮನೆಗಳಲ್ಲಿ ಬೆಳೆಯುವ ಮಕ್ಕಳ ಮಾತಿಗೆ ಇನ್ನೊಂದು ಸ್ವಾರಸ್ಯವೂ ಉಂಟು. ಮನೆಯೊಳಗೆ ಕನ್ನಡ, ತೋಟದ ಕೆಲಸಕ್ಕೆ ಬರುವವರೊಡನೆ ತುಳು, ಬಸ್ಸಿನಲ್ಲಿಯೂ ಅಂಗಡಿಯಲ್ಲಿಯೂ ಮಲಯಾಳ. ಯಾರೊಡನೆ ಯಾವ ಭಾಷೆಯನ್ನು ಆಡಬೇಕೆಂದು ಮಗುವಿಗೆ ಯಾರೂ ಪಾಠ ಹೇಳುವುದಿಲ್ಲ. ಎದುರಿನವರ ಮುಖ ನೋಡಿ ಅದು ತಾನೇ ತೀರ್ಮಾನಿಸುತ್ತದೆ. ಆದರೆ ಮೂರು ಭಾಷೆಗಳೂ ಒಂದೇ ಕುಟುಂಬದವು. ಒಂದೇ ಶಬ್ದ ಮೂರು ಮನೆಗಳಲ್ಲಿ ಮೂರು ವೇಷ ತೊಟ್ಟು ಓಡಾಡುವಾಗ, ಚಿಕ್ಕವರು ಅವುಗಳ ಗುರುತು ತಪ್ಪುವುದು ಸಹಜ.

ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಇದನ್ನು ತೋಟದಲ್ಲಿ ಕಲಿತು ಬಂದ ದಿನ ಮಗಳು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ, ಗಂಭೀರವಾಗಿ ಸ್ಥಾನಪಲ್ಲಟದ ಆದೇಶ ಹೊರಡಿಸಿದಳು. ಅದರಂತೆ ಆ ಸಂಜೆ ಅವಳಿಗೆ ಜಡೆ ಹೆಣೆಯುವ ಹೊಣೆ ನನ್ನ ಪಾಲಿಗೆ ಬಂತು. ನಾನು ಹೆಣೆದ ಜಡೆಯನ್ನು ಕನ್ನಡಿಯಲ್ಲಿ ನೋಡಿದೊಡನೆ ಅವಳೇ ಆ ಆದೇಶವನ್ನು ರದ್ದುಪಡಿಸಿದಳು.

ಚೌತಿಯ ದಿನ ನಡೆದುದು ಇದಕ್ಕಿಂತಲೂ ಮಿಗಿಲು. ಅಜ್ಜಿ ಸ್ನಾನ ಮಾಡಿ ಮಡಿಯುಟ್ಟು ನೈವೇದ್ಯದ ಅಡುಗೆಯಲ್ಲಿ ತೊಡಗಿದ್ದರು. ಬೆಳಗ್ಗಿನಿಂದ ಹತ್ತು ಸಲವಾದರೂ "ಅಜ್ಜಿಗೆ ಮಡಿ, ಮುಟ್ಟಬೇಡ" ಎಂಬ ಎಚ್ಚರಿಕೆಯನ್ನು ಮಗು ಕೇಳಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಚೇಚ್ಚಿ ಬಾಗಿಲಿಗೆ ಬಂದು ಅಜ್ಜಿಯೆಲ್ಲಿ ಎಂದು ವಿಚಾರಿಸಿದರು. "ಅಜ್ಜಿಕ್ಕ್ ಮಡಿಯಾಣ್" ಎಂದು ಇವಳು ಶುದ್ಧ ಮಲಯಾಳದಲ್ಲಿ ಉತ್ತರವಿತ್ತಳು. ಮಲಯಾಳದಲ್ಲಿ 'ಮಡಿ' ಎಂದರೆ ಸೋಮಾರಿತನ! ನಸುಕಿನಲ್ಲೇ ಎದ್ದು ಒಲೆಯ ಮುಂದೆ ಬೆವರು ಸುರಿಸುತ್ತಿದ್ದ ಅಜ್ಜಿಗೆ ಸಿಕ್ಕಿದ ಬಿರುದು ಅದು. ಚೇಚ್ಚಿ ಜಗಲಿಯಲ್ಲಿ ಕುಳಿತು ನಕ್ಕ ನಗು ಅಡುಗೆಮನೆಯವರೆಗೂ ಕೇಳಿಸಿತು. ಸಂಗತಿ ತಿಳಿದ ಬಳಿಕ ಅಜ್ಜಿಯೂ ನಕ್ಕರು, ಚೇಚ್ಚಿಯ ಮನೆಗೆ ಎರಡು ಕಡುಬು ಹೆಚ್ಚೇ ಹೋಯಿತು.

ಮಕ್ಕಳ ಇಂತಹ ಮಾತುಗಳನ್ನು ತಪ್ಪೆಂದು ತಳ್ಳಿಬಿಡುವ ಮುನ್ನ ಕಿವಿಗೊಟ್ಟು ಕೇಳಬೇಕು. 'ಮಾಡು' ಎಂಬುದಕ್ಕೆ 'ಮಾಡಿದೆ' ಎಂದಾಗುವುದಾದರೆ 'ಕೊಡು' ಎಂಬುದಕ್ಕೆ 'ಕೊಡಿದೆ' ಎಂದೇಕಾಗಬಾರದು? 'ತಿನ್ನು' ಎಂಬುದು 'ತಿನ್ನಿದೆ' ಏಕಾಗಬಾರದು? ದೊಡ್ಡವರು ಯಾರೂ 'ಕೊಡಿದೆ' ಎನ್ನುವುದಿಲ್ಲ. ಆದ್ದರಿಂದ ಅದು ಕೇಳಿ ಕಲಿತದ್ದಲ್ಲ. ಮಗು ಕನ್ನಡದ ಒಳಗಿನ ನಿಯಮವೊಂದನ್ನು ತಾನಾಗಿ ಕಂಡುಕೊಂಡು, ಅದನ್ನು ಹೊಸ ಪ್ರಕರಣಕ್ಕೆ ಅನ್ವಯಿಸಿದೆ. ಪೂರ್ವನಿದರ್ಶನವನ್ನು ಮುಂದಿಟ್ಟು ವಾದಿಸುವ ನಮಗೆ ಈ ತರ್ಕ ಅಪರಿಚಿತವಲ್ಲ. ಅದನ್ನು ತಿದ್ದಲು ಗದರಿಕೆ ಬೇಕಿಲ್ಲ. "ಹೌದಾ, ಅಣ್ಣನಿಗೆ ಕೊಟ್ಟೆಯಾ?" ಎಂದು ಸರಿಯಾದ ರೂಪವನ್ನು ನಮ್ಮ ಮಾತಿನಲ್ಲಿ ಸೇರಿಸಿ ಮುಂದುವರಿದರೆ ಸಾಕು. ಕೆಲವು ತಿಂಗಳುಗಳಲ್ಲಿ 'ಕೊಡಿದೆ' ತಾನಾಗಿ ಮರೆಯಾಗುತ್ತದೆ. ನಿಜ ಹೇಳುವುದಾದರೆ, ಅದು ಮರೆಯಾದಾಗ ಮನೆಯವರಿಗೆ ಕೊಂಚ ಬೇಸರವೂ ಆಗುತ್ತದೆ.

ಮಗುವಿನ ಮಾತಿಗೆ ನಗುವುದು ಬೇರೆ, ಮಗುವನ್ನು ನಗೆಗೀಡು ಮಾಡುವುದು ಬೇರೆ. ಮನೆಗೆ ಬಂದ ನೆಂಟರೊಬ್ಬರು ಅವಳ ಬೆರಕೆ ಮಾತನ್ನು ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳಿಸಿ, "ಇವಳ ಕನ್ನಡ ಕೆಟ್ಟಿತು" ಎಂದು ತೀರ್ಪಿತ್ತು ಹೋದರು. ಅನಂತರ ಎರಡು ದಿನ ಅವಳು ಎಲ್ಲದಕ್ಕೂ ತಲೆಯಾಡಿಸಿಯೇ ಉತ್ತರಿಸಿದಳು. ಪ್ರಶ್ನೆಗಳಿಲ್ಲದ ಮನೆ ಎಷ್ಟು ಖಾಲಿಯೆಂಬುದು ಆಗ ನಮಗೆ ಗೊತ್ತಾಯಿತು.

ಅದಕ್ಕೆ ಮದ್ದು ಹುಡುಕಿದವರು ಅಜ್ಜಿ. ಮದುವೆಯಾಗಿ ಪುತ್ತೂರಿನ ಕಡೆಯಿಂದ ಬಂದ ಅವರಿಗೆ ಮಲಯಾಳ ಇಂದಿಗೂ ಸಲೀಸಲ್ಲ. ಮೂರನೆಯ ದಿನ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು, "ಬಸ್ಸಿನ ಕಂಡಕ್ಟರ್ ಹೇಳುವುದು ನನಗೆ ಅರ್ಥವೇ ಆಗುವುದಿಲ್ಲ, ಸ್ವಲ್ಪ ಕಲಿಸಿಕೊಡು ಮಗಾ" ಎಂದರು. ಕಲಿಸುವವಳು ಮೌನವಾಗಿರುವುದು ಹೇಗೆ? ಒಂದೊಂದು ಮಲಯಾಳ ಶಬ್ದಕ್ಕೂ ಕನ್ನಡದಲ್ಲಿ ವಿವರಣೆ ಬೇಕಾಯಿತು. ಅಜ್ಜಿ ತಪ್ಪಾಗಿ ಉಚ್ಚರಿಸಿದಾಗ, "ಪರವಾಗಿಲ್ಲ ಅಜ್ಜಿ, ಇನ್ನೊಮ್ಮೆ ಹೇಳು" ಎಂದು ಅವಳೇ ಸಮಾಧಾನ ಹೇಳಿದಳು. ತನಗೆ ಯಾರೂ ಹೇಳದಿದ್ದ ಮಾತನ್ನು ಅವಳು ಅಜ್ಜಿಗೆ ಹೇಳಿದಳು. ಆ ಪಾಠ ಇಂದಿಗೂ ಜಗಲಿಯಲ್ಲಿ ನಡೆಯುತ್ತಿದೆ. ವಿದ್ಯಾರ್ಥಿನಿಯ ಪ್ರಗತಿ ಅಷ್ಟಕ್ಕಷ್ಟೆ, ಗುರುವಿನ ಕನ್ನಡ ಮಾತ್ರ ದಿನೇ ದಿನೇ ಬೆಳೆಯುತ್ತಿದೆ.

ಈ ಜಗಲಿಯ ಪಾಠಕ್ಕೂ ಕಾನೂನಿಗೂ ಸಂಬಂಧವುಂಟು. 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಸಂವಿಧಾನದ 7ನೇ ತಿದ್ದುಪಡಿ ಜಾರಿಗೆ ಬಂದು 350ಎ ವಿಧಿ ಅಸ್ತಿತ್ವ ಪಡೆಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು ತಕ್ಕಷ್ಟು ಸೌಕರ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ ಮತ್ತು ಸ್ಥಳೀಯ ಆಡಳಿತದ ಪ್ರಯತ್ನವಾಗಿರಬೇಕೆಂದು ಆ ವಿಧಿ ಹೇಳುತ್ತದೆ. ನಮ್ಮ ಗಡಿ ಸರಿದ ದಿನವೇ ನಮ್ಮ ಮಕ್ಕಳಿಗೆ ಈ ಆಶ್ವಾಸನೆಯೂ ದೊರೆಯಿತು. ಸೌಕರ್ಯವನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಆದರೆ ಆ ಸೌಕರ್ಯವನ್ನು ಬಳಸಿಕೊಳ್ಳಲು ಒಂದನೆಯ ತರಗತಿಯ ಬೆಂಚಿನಲ್ಲಿ ಮಕ್ಕಳು ಕುಳಿತಿರಬೇಕು, ಅವರ ಬಾಯಲ್ಲಿ ಕನ್ನಡವಿರಬೇಕು. ಇವೆರಡನ್ನೂ ಯಾವ ವಿಧಿಯೂ ಒದಗಿಸಲಾರದು.

"ವಕೀಲರ ಮಗಳನ್ನೂ ಕನ್ನಡ ಶಾಲೆಗೆ ಸೇರಿಸುವುದೇ?" ಎಂದು ಹಿತೈಷಿಗಳು ಕೇಳಿದ್ದುಂಟು. ಈ ಪತ್ರಿಕೆಯನ್ನು ಓದುವ ಹಲವು ಮನೆಗಳೂ ಈ ಪ್ರಶ್ನೆಯನ್ನು ಎದುರಿಸಿರಬಹುದು. ಮಲಯಾಳವನ್ನು ಅವಳು ಈಗಾಗಲೇ ಅಜ್ಜಿಗೆ ಕಲಿಸುತ್ತಿದ್ದಾಳೆ. ಇಂಗ್ಲಿಷನ್ನು ಶಾಲೆ ಕಲಿಸುತ್ತದೆ. ಆದರೆ ತನ್ನ ಪ್ರಶ್ನೆಯನ್ನು ಅಂಜಿಕೆಯಿಲ್ಲದೆ ಕೇಳಲು ಅವಳಿಗೆ ಒದಗುವ ಭಾಷೆ ಸದ್ಯಕ್ಕೆ ಕನ್ನಡವೊಂದೇ. ಆ ಪ್ರಶ್ನೆಗಳನ್ನು ಅದೇ ಭಾಷೆಯಲ್ಲಿ ಕೇಳಿಸಿಕೊಳ್ಳುವ ಅಧ್ಯಾಪಕರು ಇರುವಲ್ಲಿಗೆ ಅವಳು ಹೋಗಲಿ ಎಂಬುದು ಮನೆಯವರೆಲ್ಲರ ನಿರ್ಧಾರ.

ದಾಖಲಾತಿ ಮುಗಿಸಿ ಬಂದು, "ಶಾಲೆಯ ಪಟ್ಟಿಯಲ್ಲಿ ನಿನ್ನ ಹೆಸರು ಸೇರಿತು" ಎಂದೆ. ಮಲಯಾಳದಲ್ಲಿ 'ಪಟ್ಟಿ' ಎಂದರೆ ನಾಯಿ. ಅವಳು ಕಣ್ಣರಳಿಸಿ, "ಶಾಲೆಯ ನಾಯಿಗೆ ನನ್ನ ಹೆಸರು ಇಟ್ಟರಾ? ಕಚ್ಚುದಿಲ್ಲ ಅಲ್ವಾ?" ಎಂದಳು. ಕಚ್ಚುವುದಿಲ್ಲವೆಂದು ಭರವಸೆಯಿತ್ತು, ಪಟ್ಟಿಯೆಂದರೇನೆಂದು ಕಾಗದದ ಮೇಲೆ ಬರೆದು ತೋರಿಸಿದೆ. ಮೊದಲ ಸಾಲಿನಲ್ಲಿ ಅವಳ ಹೆಸರು, ಅದರ ಕೆಳಗೆ ನೆರೆಹೊರೆಯ ಮೂವರು ಮಕ್ಕಳ ಹೆಸರು. ಅದನ್ನು ಬೆರಳಿಟ್ಟು ಎಣಿಸಿ, "ಇಷ್ಟೇ ಜನವಾ? ಇನ್ನೂ ಜಾಗ ಉಂಟಲ್ಲ" ಎಂದಳು.