ಪುಟ್ಟ ಕೈಗಳ ಇಸುಬು: ಬಟ್ಟೆ ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ಹೊಲದಲ್ಲಿ, ಇಲ್ಲವೇ ಸೊಪ್ಪು ಹದಗೊಳಿಸುವ ಬ್ಯಾರನ್ ಬಳಿ ಇರುತ್ತಾರೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಚಿಕ್ಕ ಮಕ್ಕಳೂ ಜೊತೆಗೇ ಬಂದು ಸೊಪ್ಪಿನ ರಾಶಿಯ ಪಕ್ಕದಲ್ಲಿ ಆಡಿಕೊಳ್ಳುತ್ತವೆ. ಅಂಥ ಮಗುವಿನ ಕೈಯಲ್ಲಿ ಇಸುಬು ಇದ್ದರೆ ಹೆತ್ತವರಿಗೆ ಹತ್ತು ಕಡೆಯಿಂದ ಹತ್ತು ಸಲಹೆ ಬರುತ್ತವೆ. ಅವುಗಳಲ್ಲಿ ಕೆಲವು ಮಗುವಿನ ನೋವನ್ನು ಹೆಚ್ಚಿಸುತ್ತವೆ, ಒಂದೆರಡು ನಿಜಕ್ಕೂ ಅಪಾಯ ತರುತ್ತವೆ.

ನಂಬಿಕೆ: ಇಸುಬು ಅಂಟುತ್ತದೆ. ಬೇರೆ ಮಕ್ಕಳಿಗೆ ಹರಡದಿರಲಿ ಎಂದು ಮಗುವಿನ ಕೈ ಮುಚ್ಚಿಡಬೇಕು.

ಸತ್ಯ: ಇಸುಬು ಅಂಟುರೋಗವಲ್ಲ. ಚರ್ಮದ ಮೇಲ್ಪದರಕ್ಕೆ ತೇವ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆಯಾಗಿ, ಅದು ಒಣಗಿ, ಕೆಂಪಾಗಿ, ಬಿರುಕು ಬಿಟ್ಟು ತುರಿಸುತ್ತದೆ. ಉಬ್ಬಸ, ಅಲರ್ಜಿ ಇರುವ ಮನೆಗಳ ಮಕ್ಕಳಲ್ಲಿ ಇದು ಹೆಚ್ಚು. ಅಂಗನವಾಡಿಯಲ್ಲಿ ಇಂಥ ಮಗುವನ್ನು ಬೇರೆ ಕೂರಿಸಬೇಕಾದ ಕಾರಣವೇ ಇಲ್ಲ. ಅಂಟುವುದು ಕಜ್ಜಿ. ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು, ರಾತ್ರಿ ತುರಿಕೆ ಜೋರಾಗಿ, ಮನೆಯಲ್ಲಿ ಇನ್ನಿಬ್ಬರಿಗೂ ತುರಿಸುತ್ತಿದ್ದರೆ ಅದು ಕಜ್ಜಿ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ನಂಬಿಕೆ: ಕೈಗವಸು ಹಾಕಿದರೆ ಸಾಕು, ಇಸುಬು ತಾನಾಗಿ ವಾಸಿಯಾಗುತ್ತದೆ.

ಸತ್ಯ: ಕೈಗವಸು ತಡೆಯುವುದು ಉಗುರಿನ ಗಾಯವನ್ನು ಮಾತ್ರ. ಚರ್ಮಕ್ಕೆ ಬೇಕಾದ ತೇವ ಬರುವುದು ಮುಲಾಮಿನಿಂದ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ, ಉಜ್ಜದೆ ಒತ್ತಿ ಒರೆಸಿ, ಎರಡು ಮೂರು ನಿಮಿಷದೊಳಗೆ ಪೆಟ್ರೋಲಿಯಂ ಜೆಲ್ಲಿಯನ್ನೋ ವೈದ್ಯರು ಬರೆದುಕೊಟ್ಟ ಮುಲಾಮನ್ನೋ ಧಾರಾಳವಾಗಿ ಹಚ್ಚಿ. ಆಮೇಲೆ, ಮಲಗುವ ಹೊತ್ತಿಗೆ, ಹತ್ತಿಯ ಕೈಗವಸು ಹಾಕಿ. ಒಗೆದು ಒಗೆದು ಮೆತ್ತಗಾದ ಹತ್ತಿ ಕಾಲುಚೀಲವೂ ಆದೀತು. ಹೊಲಿಗೆಯ ಅಂಚು ಹೊರಗೆ ಬರುವಂತೆ ತಿರುಗಿಸಿ ಹಾಕಿದರೆ ಚುಚ್ಚುವುದಿಲ್ಲ. ಉಗುರನ್ನು ಗಿಡ್ಡವಾಗಿ ಕತ್ತರಿಸಿಡಿ.

ನಂಬಿಕೆ: ಕೈಗವಸನ್ನು ಹಗಲೂ ರಾತ್ರಿ ಹಾಕಿಟ್ಟಷ್ಟೂ ಒಳ್ಳೆಯದು. ಜಾರದಂತೆ ದಾರ ಕಟ್ಟಬೇಕು.

ಸತ್ಯ: ಮಕ್ಕಳು ಕೈಯಿಂದ ಮುಟ್ಟಿ, ಹಿಡಿದು ಲೋಕ ಕಲಿಯುತ್ತವೆ. ಎಚ್ಚರವಾಗಿರುವಾಗ ಕೈ ಬಿಡುವಾಗಿರಲಿ. ಮಗು ಬಾಯಿಗಿಟ್ಟು ಚೀಪಿದ ಕೈಗವಸನ್ನು ಕೂಡಲೇ ಬದಲಾಯಿಸಿ, ಏಕೆಂದರೆ ಜೊಲ್ಲಿನ ಒದ್ದೆ ಇಸುಬನ್ನು ಕೆರಳಿಸುತ್ತದೆ. ಮಣಿಕಟ್ಟಿಗೆ ದಾರವನ್ನಾಗಲಿ ರಬ್ಬರ್ ಬ್ಯಾಂಡನ್ನಾಗಲಿ ಕಟ್ಟಲೇಬೇಡಿ. ಕೈಗವಸಿನ ಒಳಗೆ ಬಿಟ್ಟುಹೋದ ಒಂದು ಎಳೆ ನೂಲು ಬೆರಳಿಗೆ ಸುತ್ತಿಕೊಂಡರೂ ರಕ್ತ ಸಂಚಾರ ನಿಲ್ಲಬಹುದು. ಹಾಕುವ ಮುನ್ನ ಒಳಮೈಯನ್ನು ಹೊರಗೆ ತಿರುಗಿಸಿ ನೋಡಿ.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಯ ಮನೆಗಳಿಗೇ ಹೇಳಬೇಕಾದದ್ದು. ಜೆಲ್ಲಿ, ಮುಲಾಮು ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹೊತ್ತುತ್ತದೆ, ಒಗೆದರೂ ಜಿಡ್ಡು ಪೂರ್ತಿ ಹೋಗದು. ಅಂಥ ಬಟ್ಟೆ ತೊಟ್ಟ ಮಗು ಸೌದೆ ಒಲೆಯ ಹತ್ತಿರವಾಗಲಿ, ಬ್ಯಾರನ್ ಉರಿಯ ಹತ್ತಿರವಾಗಲಿ ಹೋಗಬಾರದು.

ನಂಬಿಕೆ: ಇಸುಬಿನ ಮಕ್ಕಳಿಗೆ ರೇಷ್ಮೆ ಬಟ್ಟೆಯೇ ಶ್ರೇಷ್ಠ.

ಸತ್ಯ: ರೇಷ್ಮೆಗೆ ಹೆಸರಾದ ಜಿಲ್ಲೆ ನಮ್ಮದು. ಆದರೂ ಇದಕ್ಕಾಗಿ ಸಾಲ ಮಾಡಬೇಕಿಲ್ಲ. ಬ್ರಿಟನ್ನಿನಲ್ಲಿ ಇಸುಬು ಇದ್ದ 300 ಮಕ್ಕಳನ್ನು 6 ತಿಂಗಳು ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಸುಬಿಗೆಂದೇ ತಯಾರಿಸಿದ ರೇಷ್ಮೆ ಉಡುಪು ತೊಟ್ಟವರಿಗೂ ಬರೀ ಎಂದಿನ ಚಿಕಿತ್ಸೆ ಪಡೆದವರಿಗೂ ಇಸುಬಿನ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೆತ್ತನೆಯ, ಸಡಿಲವಾದ, ಸೋಪು ಉಳಿಯದಂತೆ ಚೆನ್ನಾಗಿ ಜಾಲಿಸಿದ ಹತ್ತಿ ಬಟ್ಟೆ ಸಾಕು. ಉಣ್ಣೆ ಮೈಗೆ ನೇರ ತಾಗಿದರೆ ಚುಚ್ಚಿ ತುರಿಕೆ ಹೆಚ್ಚುತ್ತದೆ. ಚಳಿಗೆ ಸ್ವೆಟರ್ ಬೇಕಾದರೆ ಒಳಗೊಂದು ಹತ್ತಿ ಅಂಗಿ ಇರಲಿ.

ನಂಬಿಕೆ: ಗ್ಲೌಸ್ ಹಾಕಿಸಿದರೆ ಮಗು ಹೊಗೆಸೊಪ್ಪು ಮುಟ್ಟಿದರೂ ಏನಾಗದು.

ಸತ್ಯ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಹಸಿ ಹೊಗೆಸೊಪ್ಪಿನ ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಮಳೆಗೋ ಇಬ್ಬನಿಗೋ ನೆನೆದ ಎಲೆಯಿಂದ ಅದು ಚರ್ಮದ ಮೂಲಕ ಮೈಗೆ ಸೇರುತ್ತದೆ. ಸೊಪ್ಪು ಮುರಿಯುವವರಿಗೆ ವಾಕರಿಕೆ, ವಾಂತಿ, ತಲೆಸುತ್ತು, ತಲೆನೋವು ಬರುವುದು ಇದರಿಂದಲೇ. ಗಟ್ಟಿಮುಟ್ಟಾದ ದೊಡ್ಡವರಿಗೇ ಹೀಗಾದರೆ, ಕಡಿಮೆ ತೂಕದ ಮಗುವಿಗೆ ಸ್ವಲ್ಪ ಪ್ರಮಾಣವೂ ಹೆಚ್ಚಾಗುತ್ತದೆ. ಅದರಲ್ಲೂ ಇಸುಬಿನಿಂದ ಬಿರಿದ ಚರ್ಮ ನಿಕೋಟಿನನ್ನು ಇನ್ನೂ ಸಲೀಸಾಗಿ ಒಳಗೆ ಬಿಡುತ್ತದೆ.

ರಾತ್ರಿ ಹಾಸಿಗೆಯಲ್ಲಿ ಉಪಕಾರ ಮಾಡುವ ಹತ್ತಿ ಕೈಗವಸು ಇಲ್ಲಿ ಅಪಕಾರ ಮಾಡುತ್ತದೆ. ಅದು ಎಲೆಯ ನೀರನ್ನು ಹೀರಿ, ಚರ್ಮಕ್ಕೆ ಅಂಟಿಸಿಕೊಂಡೇ ಇರುತ್ತದೆ. ರಬ್ಬರ್ ಗ್ಲೌಸ್ ಒಳಗೆ ಬೆವರು ನಿಂತು ಇಸುಬು ಕೆರಳುತ್ತದೆ, ದೊಡ್ಡವರ ಅಳತೆಯ ಗ್ಲೌಸ್ ಪುಟ್ಟ ಕೈಯಲ್ಲಿ ನಿಲ್ಲುವುದೂ ಇಲ್ಲ. ಹೀಗಾಗಿ ಸೊಪ್ಪಿನ ರಾಶಿಯಿಂದ ಮಗುವನ್ನು ದೂರ ಇಡುವುದೊಂದೇ ದಾರಿ. ಸೊಪ್ಪು ಮುರಿದು ಬಂದವರು ಕೈ ತೊಳೆದು, ಅಂಟು ಹಿಡಿದ ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ನೆನೆಹಾಕಬೇಡಿ.

ನಂಬಿಕೆ: ಹೊಗೆಸೊಪ್ಪಿನ ನೀರು ಹಚ್ಚಿದರೆ ಕೈ ತುರಿಕೆ ಹೋಗುತ್ತದೆ.

ಸತ್ಯ: ಬಿರಿದ ಚರ್ಮಕ್ಕೆ ಅದನ್ನು ಹಚ್ಚಿದರೆ ವಿಷ ನೇರವಾಗಿ ರಕ್ತಕ್ಕೆ ಸೇರುತ್ತದೆ. ಹೀಗೆ ಹಚ್ಚಿ ಮಕ್ಕಳಿಗೆ ವಿಷವೇರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಸ್ನಾನದ ನೀರಿಗೆ ಹಾಕುವ ಆಂಟಿಸೆಪ್ಟಿಕ್ ದ್ರವವೂ ಚರ್ಮವನ್ನು ಉರಿಸಿ ಒಣಗಿಸುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಮಿಶ್ರ ಸ್ಟೀರಾಯ್ಡ್ ಮುಲಾಮು ನಾಲ್ಕು ದಿನ ತುರಿಕೆ ಅಡಗಿಸಿದರೂ, ಬಳಸುತ್ತಾ ಹೋದರೆ ಚರ್ಮ ತೆಳುವಾಗುತ್ತದೆ. ವೈದ್ಯರು ಅಳೆದು ಬರೆದುಕೊಟ್ಟ ಸ್ಟೀರಾಯ್ಡ್ ಬಗ್ಗೆ ಮಾತ್ರ ಹೆದರಿಕೆ ಬೇಡ. ಅವರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿ.

ಯಾವಾಗ ಆಸ್ಪತ್ರೆಗೆ?

ಕೈಯಲ್ಲಿ ಕೀವು, ಹಳದಿ ಹಕ್ಕಳೆ, ಒತ್ತೊತ್ತಾಗಿ ಎದ್ದ ನೋವಿನ ಗುಳ್ಳೆ ಅಥವಾ ಜೊತೆಗೆ ಜ್ವರ ಕಂಡರೆ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಕಳಿಸಿದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಸೊಪ್ಪಿನ ಬಳಿ ಆಡಿದ ಮಗು ಬಿಳಿಚಿಕೊಂಡು ವಾಂತಿ ಮಾಡಿದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಬಟ್ಟೆ ಕಳಚಿ, ಮೈಯನ್ನು ಸೋಪು ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಹೊಗೆಸೊಪ್ಪು ಮುಟ್ಟಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಸರಿಯಾದ ಚಿಕಿತ್ಸೆ ಬೇಗ ಸಿಗುವುದು ಅದರಿಂದಲೇ.