ಬಿ.ಇ. ಆದ ಮೇಲೆ ಒಂದು ವರ್ಷ ಅಪ್ರೆಂಟಿಸ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಮೊದಲ ವಾರ. ಲೇತ್‌ನಿಂದ ಆಗಷ್ಟೇ ಇಳಿಸಿದ 25 ಮಿಲಿಮೀಟರ್ ಶಾಫ್ಟಿಗೆ ಮೈಕ್ರೋಮೀಟರ್ ಹಿಡಿದು, ಸೈಜು ಸರಿಯಿದೆ ಎಂದು ಬರೆದುಕೊಂಡೆ. "ಕೈ ಸುಡೋ ಜಾಬ್ ಅಳೀಬಾರ್ದು ತಮ್ಮಾ, ಆರ್ಲಿ ಬಿಡು" ಎಂದರು ಆಪರೇಟರ್. ಆರಿದ ಮೇಲೆ ನೋಡಿದರೆ ಅಳತೆ ಇಳಿದಿತ್ತು. 40 ಡಿಗ್ರಿ ಬಿಸಿ ಏರಿದರೆ ಅಷ್ಟು ದಪ್ಪದ ಉಕ್ಕು ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ನಮಗಿದ್ದ ಟಾಲರೆನ್ಸೇ 20. ಆ ಸೂತ್ರ ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು!

ಇಂಥ ಕಲಿಕೆಗೆ ದಾರಿ ಮಾಡಿಕೊಡುವ ಅಪ್ರೆಂಟಿಸ್ ಕಾಯ್ದೆ 1961ರದು. ಪದವಿ, ಡಿಪ್ಲೊಮಾ ಎಂಜಿನಿಯರ್‌ಗಳನ್ನು ಅದರೊಳಗೆ ತಂದದ್ದು 1973ರ ತಿದ್ದುಪಡಿ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಇಸ್ರೊ ಕೇಂದ್ರಗಳು, ಬೆಸ್ಕಾಂ ಇವೆಲ್ಲ ಆಗಾಗ ಪ್ರಕಟಣೆ ಹೊರಡಿಸುತ್ತವೆ. ಅನೇಕ ಕಡೆ ಅಂಕಗಳ ಮೇಲೆಯೇ ಆಯ್ಕೆ.

ಮೊದಲ ಹೆಜ್ಜೆ, ಅಪ್ರೆಂಟಿಸ್ ತರಬೇತಿಗೆಂದು ಕೇಂದ್ರ ಸರ್ಕಾರ ನಡೆಸುವ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಣಿ. ನಮ್ಮ ಹುಡುಗರು ಎಡವುವುದು ಇಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದು ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೂರನೆಯದೇ ಒಂದು ರೂಪ. ಸ್ಟೈಪೆಂಡ್‌ನ ಸರ್ಕಾರಿ ಪಾಲು ಆಧಾರ್ ಜೋಡಣೆಯಾದ ಖಾತೆಗೆ ನೇರ ಬರುವುದರಿಂದ ಹೆಸರು ಹೊಂದದಿದ್ದರೆ ಪೇಚಾಟ ತಪ್ಪಿದ್ದಲ್ಲ.

ಹಣ ಹೆಚ್ಚಿಲ್ಲ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿಯಾಗಿತ್ತು. ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಅರ್ಜಿ ಹಾಕುವ ಹೊತ್ತಿನ ದರವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಹೊರಗಿನ ಊರಿನಿಂದ ಬಂದು ಪಿ.ಜಿ.ಯಲ್ಲಿ ಇರುವವರಿಗೆ ಇದು ಬಾಡಿಗೆ, ಊಟಕ್ಕೇ ಸರಿಹೋದೀತು.

ಕೆಲಸ ಖಾಯಂ ಆಗುತ್ತದೆಯೇ? ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಕಾಯ್ದೆ ಅಂಥ ಭರವಸೆ ಕೊಡುವುದಿಲ್ಲ. ಅದರ ಪ್ರಕಾರ ಅಪ್ರೆಂಟಿಸ್ ತರಬೇತಿಯಲ್ಲಿರುವವನು, ಕಾರ್ಮಿಕನಲ್ಲ. ಆದರೆ ಕೆಲಸದ ವೇಳೆ ಪೆಟ್ಟಾದರೆ ಪರಿಹಾರದ ಹಕ್ಕಿದೆ. ಅದಕ್ಕೇ ಒಪ್ಪಂದ ಪೋರ್ಟಲ್‌ನಲ್ಲಿ ದಾಖಲಾಗಿರಬೇಕು. "ಮೊದಲು ಸೇರಿಕೊಳ್ಳಿ, ಕಾಗದಪತ್ರ ಆಮೇಲೆ ನೋಡೋಣ" ಎನ್ನುವ ಕಡೆ ಹೋಗಬೇಡಿ. ದಾಖಲೆಯಿಲ್ಲದ ಅಪ್ರೆಂಟಿಸ್ ಎಂದರೆ ಅಗ್ಗದ ಆಳು, ಅಷ್ಟೆ. ವರ್ಷದ ಕೊನೆಗೆ ಪ್ರಾವೀಣ್ಯ ಪ್ರಮಾಣಪತ್ರವೂ ಅವನಿಗೆ ಸಿಗದು.

ಸಂಸ್ಥೆಯ ಹೆಸರಿಗಿಂತ ವಿಭಾಗ ಮುಖ್ಯ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಕಂಪನಿಯ ಸ್ಟೋರ್ಸ್‌ನಲ್ಲಿ ಇಡೀ ವರ್ಷ ಎಕ್ಸೆಲ್ ತುಂಬುವುದಕ್ಕಿಂತ ಸಣ್ಣ ಟೂಲ್‌ರೂಮ್‌ನಲ್ಲಿ ಡ್ರಾಯಿಂಗ್ ಹಿಡಿದು ನಿಲ್ಲುವುದು ಮೇಲು. ಯಾವ ಸೆಕ್ಷನ್, ಯಾರ ಕೈಕೆಳಗೆ, ಎಷ್ಟು ತಿಂಗಳಿಗೊಮ್ಮೆ ಬದಲಾವಣೆ ಎಂದು ಸಂದರ್ಶನದಲ್ಲೇ ಕೇಳಿ. ಸೇರಿದ ಮೇಲೆ ದಿನಚರಿ ಬರೆಯಿರಿ. ಮುಂದೆ ಬೇರೆ ಕಡೆ ಸಂದರ್ಶನಕ್ಕೆ ಹೋದಾಗ ಮಾತಾಡಲು ಅದರಲ್ಲಿ ಬೇಕಾದಷ್ಟಿರುತ್ತದೆ.

ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅನುಭವವಿದ್ದವರನ್ನು, ಈಗಾಗಲೇ ಒಮ್ಮೆ ಅಪ್ರೆಂಟಿಸ್ ಆದವರನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ತಡಮಾಡಿದರೆ ಅವಕಾಶ ಕೈತಪ್ಪೀತು. ಹಾಗಾಗಿ ಕೊನೆಯ ಸೆಮಿಸ್ಟರ್‌ನ ಫಲಿತಾಂಶಕ್ಕೆ ಕಾಯುತ್ತಾ ಕೂರದೆ, ಆಧಾರ್‌ನಲ್ಲಿರುವ ಹೆಸರನ್ನು ಈ ವಾರವೇ ಸರಿಪಡಿಸಿಕೊಳ್ಳಿ.