ಮೂತ್ರಕೋಶದ ನೋವು

ಈ ಲೇಖನದ ಹೆಸರನ್ನು ನೋಡಿ ಗೆಳೆಯರು ನಕ್ಕರೆ ನನಗೆ ಬೇಸರವಿಲ್ಲ. ಎರಡು ವರ್ಷದ ಹಿಂದೆ ನಾನೂ ನಗುತ್ತಿದ್ದೆನೇನೋ. ನಾನು ಓದುತ್ತಿರುವುದು ಇತಿಹಾಸ, ವೈದ್ಯವಲ್ಲ. ನಮ್ಮ ಅವ್ವನ ಕಾಯಿಲೆ ನನ್ನಿಂದ ಇಷ್ಟನ್ನು ಓದಿಸಿತು. ಅವಳ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ.

ಅವ್ವ ಹಗಲಿನಲ್ಲಿ ಇಪ್ಪತ್ತು ಸಲ, ರಾತ್ರಿ ನಾಲ್ಕೈದು ಸಲ ಹಿತ್ತಿಲಿಗೆ ಹೋಗುತ್ತಿದ್ದಳು. ಮೂತ್ರ ತುಂಬುತ್ತ ಬಂದಂತೆ ಕಿಬ್ಬೊಟ್ಟೆಯ ನೋವು ಏರುವುದು, ಹೋಗಿ ಬಂದರೆ ಕೊಂಚ ಇಳಿಯುವುದು. ಊರವರು ಉಷ್ಣವೆಂದರು. ಪಟ್ಟಣದ ವೈದ್ಯರೊಬ್ಬರು ಮೂತ್ರಪರೀಕ್ಷೆಯನ್ನೇ ಮಾಡಿಸದೆ ಸೋಂಕೆಂದು ನಾಲ್ಕು ಬಾರಿ ಆಂಟಿಬಯಾಟಿಕ್ ಬರೆದುಕೊಟ್ಟರು. ಕಳೆದ ವಾರ್ಷಿಕೋತ್ಸವದಲ್ಲಿ ನನಗೆ ಬಹುಮಾನ ಬಂದಾಗ ಅವ್ವ ಬರಲಿಲ್ಲ; ನನಗೆ ಕೋಪ ಬಂದಿತ್ತು. ಎರಡು ಗಂಟೆ ಎಲ್ಲಿಯೂ ನಿಲ್ಲದ ಬಸ್ಸೇ ಕಾರಣವೆಂದು ಆಮೇಲೆ ತಿಳಿಯಿತು. ಮಗನಿಗೆ ಹೇಳುವ ಮಾತೇ ಅದು?

ಕೊನೆಗೆ ಜಿಲ್ಲಾ ಕೇಂದ್ರದ ತಜ್ಞರು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರು. ರೋಗಾಣು ಬೆಳೆಯಲಿಲ್ಲ, ಕಲ್ಲೂ ಇರಲಿಲ್ಲ, ಗಡ್ಡೆಯೂ ಇರಲಿಲ್ಲ. ಇಂಥ ನೋವು ಆರು ವಾರ ಮೀರಿ ಉಳಿದು, ಬೇರೆ ಕಾರಣ ಕಾಣದಿದ್ದರೆ ಅದನ್ನು ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಎನ್ನುತ್ತಾರೆ. ೧೯೧೫ರಲ್ಲಿ ಅಮೆರಿಕದ ಗೈ ಹನ್ನರ್ ಎಂಬ ವೈದ್ಯನು ಇಂಥ ರೋಗಿಗಳ ಮೂತ್ರಕೋಶದೊಳಗೆ ಹುಣ್ಣುಗಳನ್ನು ಕಂಡು ವರ್ಣಿಸಿದನು. ಬಹುಮಂದಿಯಲ್ಲಿ ಅವು ಕಾಣುವುದಿಲ್ಲ. ಒಳಪದರದ ರಕ್ಷಣೆ ಕೆಟ್ಟು, ಮೂತ್ರದ ಲವಣಗಳು ನರಗಳನ್ನು ಕೆಣಕುತ್ತವೆಂಬುದು ಒಂದು ವಿವರಣೆ. ರೋಗಾಣುವೇ ಇಲ್ಲದ ಮೇಲೆ ಆಂಟಿಬಯಾಟಿಕ್ ಕೊಲ್ಲುವುದಾದರೂ ಏನನ್ನು?

ಅವ್ವ ಮಾಡುತ್ತಿದ್ದ ದೊಡ್ಡ ತಪ್ಪು ನೀರು ಬಿಟ್ಟದ್ದು. ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ, ಗಾಢವಾದಷ್ಟೂ ಉರಿ ಹೆಚ್ಚು. ಒಮ್ಮೆಲೇ ಚೊಂಬು ಬರಿದು ಮಾಡದೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕೆಂದರು. ಎಷ್ಟು ಸಲ ಹೋಗುತ್ತೀರಿ, ಬರೆದಿಡಿ ಎಂದೂ ಹೇಳಿದರು. ಅವ್ವನಿಗೆ ಅಕ್ಷರ ಬಾರದು. ಹೋಗಿ ಬಂದಾಗಲೆಲ್ಲ ಡಬ್ಬಿಯೊಂದಕ್ಕೆ ಒಂದು ಹುಣಸೆಬೀಜ ಹಾಕಿದಳು. ಹಗಲಿಗೊಂದು ಡಬ್ಬಿ, ರಾತ್ರಿಗೊಂದು. ಭಾನುವಾರ ನಾನು ಊರಿಗೆ ಹೋದಾಗ, ದಿನಕ್ಕೊಂದು ಗಂಟು ಕಟ್ಟಿಟ್ಟ ಬೀಜಗಳನ್ನು ಎಣಿಸಿ ಬರೆದುಕೊಳ್ಳುತ್ತಿದ್ದೆ.

ಆ ಲೆಕ್ಕದ ಮೇಲೆಯೇ ಅಭ್ಯಾಸ ಆರಂಭವಾಯಿತು. ಮುಕ್ಕಾಲು ಗಂಟೆಗೊಮ್ಮೆ ಹೋಗುವವರು ಒಂದು ಗಂಟೆ ತಡೆದು ನೋಡುವುದು, ಅದು ರೂಢಿಯಾದ ಮೇಲೆ ಮತ್ತೆ ಹತ್ತು ಹದಿನೈದು ನಿಮಿಷ ಸೇರಿಸುವುದು. ಆರೋಗ್ಯವಂತರ ಮೂತ್ರಕೋಶ ೪೦೦–೫೦೦ ಮಿಲಿಲೀಟರ್ ಹಿಡಿಯುತ್ತದೆ. ಪದೇ ಪದೇ ಬರಿದು ಮಾಡಿದರೆ ಅದು ಅಲ್ಪಕ್ಕೇ ಅವಸರಿಸತೊಡಗುತ್ತದೆ. ಆದರೆ ನೋವು ಕೆರಳಿದ ದಿನ ಹಠದಿಂದ ತಡೆಯಬಾರದು. ಬಿಸಿನೀರಿನ ಚೀಲವಿಟ್ಟುಕೊಂಡು ಸುಮ್ಮನಿರಬೇಕು.

ಕಾಫಿ, ಟೀ, ನಿಂಬೆ, ಟೊಮೆಟೊ, ಖಾರ, ಸೋಡಾ ಹಲವರಿಗೆ ಆಗುವುದಿಲ್ಲ. ಎಲ್ಲವನ್ನೂ ಬಿಟ್ಟರೆ ಉಣ್ಣುವುದೇನು? ಕೆಲವು ವಾರ ಬಿಟ್ಟು, ಒಂದೊಂದನ್ನೇ ಮತ್ತೆ ಸೇರಿಸಿ ನೋಡಬೇಕು. ನಾನು ಸಾರಿನ ಹುಣಸೆಹುಳಿಯನ್ನು ಸಂಶಯಿಸಿದ್ದೆ. ಸಿಕ್ಕಿಬಿದ್ದದ್ದು ದಿನಕ್ಕೆ ಐದು ಲೋಟ ಟೀ.

ಪುಸ್ತಕ ನೋಡಿ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಯುವ ವ್ಯಾಯಾಮವನ್ನು ನಾನೇ ಹೇಳಿಕೊಡಲು ಹೊರಟಿದ್ದೆ. ತಜ್ಞರು ತಡೆದರು. ಈ ರೋಗದಲ್ಲಿ ಅನೇಕರ ಸ್ನಾಯು ಮೊದಲೇ ಬಿಗಿದಿರುತ್ತದೆ, ಕಲಿಯಬೇಕಾದದ್ದು ಸಡಿಲಿಸುವುದನ್ನು. ಮಲಗುವ ಮುನ್ನ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಅದು ಮನಸ್ಸಿನ ಕಾಯಿಲೆಗೂ ಕೊಡುವ ಮಾತ್ರೆಯಾದ್ದರಿಂದ ನೆರೆಮನೆಯಲ್ಲಿ ಗುಸುಗುಸು ಎದ್ದಿತು; ಇಲ್ಲಿ ಅದರ ಕೆಲಸ ನರದ ನೋವನ್ನು ತಗ್ಗಿಸುವುದು. ೧೯೯೬ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪೆಂಟೋಸಾನ್ ಎಂಬ ಔಷಧವೂ ಇದೆ. ಬಹುಕಾಲ ಸೇವಿಸಿದ ಕೆಲವರ ಕಣ್ಣಿನ ಅಕ್ಷಿಪಟಲ ಕೆಟ್ಟದ್ದು ೨೦೧೮ರಲ್ಲಿ ವರದಿಯಾದ್ದರಿಂದ ಕಣ್ಣಿನ ತಪಾಸಣೆಯಿಲ್ಲದೆ ಅದನ್ನು ನುಂಗತಕ್ಕದ್ದಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ಇದೇ ರೋಗವೆಂದು ಕುಳಿತಿರದೆ ವೈದ್ಯರಲ್ಲಿಗೆ ಓಡಬೇಕು.

ಅವ್ವನ ನೋವು ಪೂರ್ತಿ ಹೋಗಿಲ್ಲ. ಆದರೆ ರಾತ್ರಿಯ ಡಬ್ಬಿಯಲ್ಲಿ ಈಗ ಒಂದೋ ಎರಡೋ ಬೀಜ. ಈ ಸಲದ ವಾರ್ಷಿಕೋತ್ಸವಕ್ಕೆ ಬರುತ್ತೇನೆಂದಿದ್ದಾಳೆ. "ನಿಮ್ಮ ಕಾಲೇಜಲ್ಲಿ ಹೆಂಗಸರು ಹೋಗೋ ಜಾಗಕ್ಕೆ ಬೀಗ ಹಾಕಿರಲ್ಲ ತಾನೆ, ಮಗಾ?" ಎಂದು ಮೊದಲೇ ಕೇಳಿದಳು. ಬೀಗದ ಕೈ ಯಾರ ಬಳಿ ಇರುತ್ತದೆಂದು ವಿಚಾರಿಸಿಟ್ಟುಕೊಂಡಿದ್ದೇನೆ.